ನನ್ನ ಕಂಪನಿಯೇ ನನಗೆ ಎಚ್-1ಬಿ ಹಾಕಬಹುದಾ? ಹಾಕಿದವರು ಯಾರಾದರೂ ಇದ್ದೀರಾ?

ಅರ್ಧಮರ್ಧ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಕೇಳಲೇಬೇಕು ಅನ್ನಿಸಿತು. ಅಮೆರಿಕದಲ್ಲಿ ಎಚ್-1ಬಿ, ಅಂದರೆ ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ ಮೇಲೆ ಇದ್ದೇನೆ, ನಾಲ್ಕನೇ ವರ್ಷ ನಡೆಯುತ್ತಿದೆ. ಎಲೆಕ್ಟ್ರಿಕಲ್ ಎಂಜಿನಿಯರ್. ಗ್ರೀನ್ ಕಾರ್ಡ್‌ಗೆ ಈಗಿನ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿ ಒಂದು ವರ್ಷ ದಾಟಿದೆ. ಸರ್ಕ್ಯೂಟ್ ಬೋರ್ಡ್ ನಕ್ಷೆಯಲ್ಲಿ ತಪ್ಪು ಹುಡುಕಿಕೊಡುವ ಒಂದು ಸಾಫ್ಟ್‌ವೇರ್ ಮಾಡಬೇಕು ಅಂತ ಬಹಳ ದಿನದಿಂದ ತಲೆಯಲ್ಲಿದೆ. ಗೆಳೆಯನೊಬ್ಬ ಇದ್ದಾನೆ, ಅವನು ಅಮೆರಿಕನ್ ಪ್ರಜೆ, ಮಾರಾಟದ ಕಡೆ ನೋಡಿಕೊಳ್ಳುತ್ತಾನೆ. ನನಗೆ 70, ಅವನಿಗೆ 30 ಅಂತ ಮಾತಾಗಿದೆ.

ನನ್ನ ಪ್ರಶ್ನೆ ಇಷ್ಟೇ. ಆ ಕಂಪನಿ ನನಗೆ ಎಚ್-1ಬಿ ಅರ್ಜಿ ಹಾಕಬಹುದಾ? ಒಬ್ಬ ವಕೀಲರನ್ನು ಕೇಳಿದೆ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಇನ್ನೊಬ್ಬರು ‘ಆಗಲ್ಲ’ ಅಂದರು. ಮೂರನೆಯವರು ‘ಈಗ ಆಗುತ್ತೆ’ ಅಂದರು. ಯಾರನ್ನು ನಂಬಲಿ?

ಚುಟುಕು

ಮದುವೆ ಗಂಡೂ ನೀವೇ, ಪುರೋಹಿತರೂ ನೀವೇ. ಊಟಕ್ಕೆ ಮಾತ್ರ ನಮ್ಮನ್ನು ಕರೆಯಿರಿ.

ಕಡತಪ್ರಿಯ

ಮೂವರು ವಕೀಲರೂ ಅವರವರ ಕಾಲಕ್ಕೆ ಸರಿ. ಸ್ವಲ್ಪ ಹಿಂದಕ್ಕೆ ಹೋದರೆ ಗೊತ್ತಾಗುತ್ತದೆ.

ಕಂಪನಿ ಬೇರೆ, ಅದರ ಮಾಲೀಕ ಬೇರೆ, ಕಾನೂನಿನ ಕಣ್ಣಲ್ಲಿ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಮಾಲೀಕನಿಗೆ ಅವನ ಕಂಪನಿಯೇ ವೀಸಾ ಅರ್ಜಿ ಹಾಕಬಹುದು ಅನ್ನುವುದು 1980ರ ತೀರ್ಪುಗಳಿಂದಲೇ ಇದೆ. ಆಮೇಲೆ 2010ರ ಜನವರಿಯಲ್ಲಿ ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಒಂದು ಮೆಮೊ ಹೊರಡಿಸಿತು. ನೌಕರನ ಮೇಲೆ ಕಂಪನಿಗೆ ಹಿಡಿತ ಇರಬೇಕು, ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವ, ತೆಗೆದುಹಾಕುವ ಅಧಿಕಾರ ಬೇರೆಯವರ ಕೈಲಿರಬೇಕು ಅಂತ. ನೂರಕ್ಕೆ ನೂರು ಷೇರು ಇರುವವನನ್ನು ಕೆಲಸದಿಂದ ತೆಗೆಯುವವರು ಯಾರು? ಹಾಗಾಗಿ ಸಾಲು ಸಾಲಾಗಿ ತಿರಸ್ಕಾರ. ಆಗ ಜನ ನಿರ್ದೇಶಕ ಮಂಡಳಿ ಅಂತ ಒಂದನ್ನು ಕಟ್ಟಿ, ‘ನೋಡಿ, ಇವರು ನನ್ನನ್ನು ತೆಗೆದುಹಾಕಬಹುದು’ ಅಂತ ತೋರಿಸುತ್ತಿದ್ದರು. ‘ಆಗಲ್ಲ’ ಅಂದ ವಕೀಲರು ಆ ಕಾಲದಲ್ಲಿ ಪೆಟ್ಟು ತಿಂದವರಿರಬೇಕು.

2020ರ ಜೂನ್‌ನಲ್ಲಿ ಆ ಮೆಮೊ ವಾಪಸ್ ಆಯಿತು. 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮ ಪ್ರಕಟವಾಗಿ 2025ರ ಜನವರಿ 17ರಿಂದ ಜಾರಿಗೆ ಬಂತು. ಅದರಲ್ಲಿ ಮೊದಲ ಸಲ, ಮಾಲೀಕನೇ ನೌಕರನಾಗಿರುವ ಅರ್ಜಿ ಹಾಕಬಹುದು ಅಂತ ನೇರವಾಗಿ ಬರೆದಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಷೇರು ಅಥವಾ ಅರ್ಧಕ್ಕಿಂತ ಜಾಸ್ತಿ ಮತ ನಿಮ್ಮದಾಗಿದ್ದರೆ ನಿಮ್ಮನ್ನು ‘ಹಿಡಿತ ಇರುವ ಮಾಲೀಕ’ ಅಂತ ಲೆಕ್ಕ ಹಾಕುತ್ತಾರೆ. 70 ಅಂದರೆ ನೀವು ಅದರೊಳಗೆ ಬಂದಿರಿ.

ಅದಕ್ಕೆ ಎರಡು ಕಟ್ಟುಪಾಡು. ಸಾಮಾನ್ಯವಾಗಿ ಮೂರು ವರ್ಷಕ್ಕೆ ಸಿಗುವ ವೀಸಾ ನಿಮಗೆ 18 ತಿಂಗಳಿಗೆ ಸಿಗುತ್ತದೆ, ಮೊದಲ ವಿಸ್ತರಣೆಯೂ 18 ತಿಂಗಳು. ಎರಡನೆಯದು, ನಿಮ್ಮ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಪದವಿಗೆ ತಕ್ಕ ಕೆಲಸಕ್ಕೇ ಹೋಗಬೇಕು, ಅಂದರೆ ನಿಮ್ಮ ವಿಷಯದಲ್ಲಿ ಎಂಜಿನಿಯರಿಂಗ್. ಹೂಡಿಕೆದಾರರನ್ನು ಹುಡುಕುವುದು, ಬಾಡಿಗೆ ಕರಾರಿಗೆ ಸಹಿ ಹಾಕುವುದು, ಜನರನ್ನು ನೇಮಿಸುವುದು, ಇವೆಲ್ಲ ಉಳಿದ ಸಮಯದಲ್ಲಿ. ‘ಸಿಇಒ’ ಅಂತ ಕಾರ್ಡ್ ಮಾಡಿಸಿಕೊಂಡು ಅದೇ ಹುದ್ದೆಗೆ ಅರ್ಜಿ ಹಾಕಿದರೆ ಯಾವ ಪದವಿ ಬೇಕು ಅಂತ ಕೇಳುತ್ತಾರೆ, ಉತ್ತರ ಇರಲ್ಲ. ಎಂಜಿನಿಯರ್ ಅಂತಲೇ ಹಾಕಿ.

ಅರ್ಧಮರ್ಧ

ಅಬ್ಬಾ, ಮೊದಲ ಸಲ ಯಾರೋ ಬಿಡಿಸಿ ಹೇಳಿದರು. ಹಾಗಾದರೆ ಎಚ್-1ಬಿಗೆ ಹೆಸರು ಆರಿಸುವ ಲಾಟರಿ ಮತ್ತೆ ಆಗಬೇಕಾ?

ಕಡತಪ್ರಿಯ

ನಿಮ್ಮ ಹೆಸರು ಒಂದು ಸಲ ಲಾಟರಿಯಲ್ಲಿ ಬಂದು ಎಣಿಕೆಯಾಗಿದೆ. ಎಚ್-1ಬಿಯ ಆರು ವರ್ಷದ ಗಡುವಿನೊಳಗೆ ಮತ್ತೆ ಲಾಟರಿ ಇಲ್ಲ. ನೀವು ದೇಶದೊಳಗೇ ಇದ್ದು, ಸ್ಟೇಟಸ್ ಸರಿಯಾಗಿಟ್ಟುಕೊಂಡು ಕಂಪನಿ ಬದಲಾಯಿಸುವುದರಿಂದ 2025ರ ಸೆಪ್ಟೆಂಬರ್‌ನಲ್ಲಿ ಬಂದ ಆ ಒಂದು ಲಕ್ಷ ಡಾಲರ್ ಶುಲ್ಕವೂ ಬರಲ್ಲ. ನಿಮ್ಮದು ಸುಲಭದ ಕೇಸು. ನಿಜ ಹೇಳಬೇಕೆಂದರೆ, ಈ ದಾರಿ ಈಗಾಗಲೇ ಒಳಗೆ ಇರುವವರಿಗೇ ಹೇಳಿ ಮಾಡಿಸಿದ್ದು.

ಹಳೇಗಾಯ

ಸುಲಭದ ಕೇಸು ಅನ್ನುವ ಮಾತು ಕೇಳಿ ಬರೆಯುತ್ತಿದ್ದೇನೆ.

ನಾನು ಇದನ್ನು ಮಾಡಿದವನು. ನನ್ನದೇ ಕಂಪನಿ, ನನ್ನದೇ ಅರ್ಜಿ, ಮಂಜೂರೂ ಆಯಿತು. ಕೆಲಸ ಬಿಟ್ಟು ಪೂರ್ತಿ ನನ್ನ ಕಂಪನಿಗೆ ಬಂದೆ. ಮೊದಲ ಎಂಟು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ನಮ್ಮ ದೊಡ್ಡ ಗ್ರಾಹಕರು ಬಿಲ್ ಕಟ್ಟಲು ಎರಡು ತಿಂಗಳಿಗೂ ಜಾಸ್ತಿ ಎಳೆದರು. ಖಾತೆಯಲ್ಲಿ ಇದ್ದದ್ದು ಇನ್ನೊಬ್ಬ ಹುಡುಗನ ಸಂಬಳಕ್ಕೆ ಸಾಕಾಗುವಷ್ಟು. ನಾನು ಏನು ಮಾಡಿದೆ ಹೇಳಿ? ಯಾವ ಮಾಲೀಕನಾದರೂ ಮಾಡುವುದನ್ನೇ ಮಾಡಿದೆ. ಅವನಿಗೆ ಸಂಬಳ ಕೊಟ್ಟೆ, ನನ್ನದನ್ನು ನಿಲ್ಲಿಸಿದೆ. ಎರಡು ತಿಂಗಳು. ದುಡ್ಡು ಬಂದ ಮೇಲೆ ತೆಗೆದುಕೊಂಡರಾಯಿತು ಅಂತ.

ವಿಸ್ತರಣೆಗೆ ಅರ್ಜಿ ಹಾಕಿದಾಗ ಸಂಬಳದ ಚೀಟಿಗಳು, ವರ್ಷದ ಸಂಬಳ ತೋರಿಸುವ ಡಬ್ಲ್ಯೂ-2, ಮೂರು ತಿಂಗಳಿಗೊಮ್ಮೆ ಕೊಡುವ ಸಂಬಳದ ತೆರಿಗೆಯ 941 ಫಾರಂ ಎಲ್ಲ ಕೇಳಿದರು. ಎಲ್‌ಸಿಎ ಅನ್ನುವ, ಅರ್ಜಿಗೆ ಮೊದಲು ಕಾರ್ಮಿಕ ಇಲಾಖೆಗೆ ಕೊಡುವ ಕಾಗದದಲ್ಲಿ ಕಂಪನಿ ಮಾತು ಕೊಟ್ಟ ಸಂಬಳ ಒಂದು, ಡಬ್ಲ್ಯೂ-2ನಲ್ಲಿ ಕಂಡ ಸಂಬಳ ಇನ್ನೊಂದು. ನಾನು ಇಷ್ಟಪಟ್ಟೇ ಬಿಟ್ಟದ್ದು ಅಂತ ಕಾಗದ ಬರೆದೆ. ಅದೇ ನನ್ನ ಕುತ್ತಿಗೆಗೆ ಬಂತು. ಎಚ್-1ಬಿ ನೌಕರ ‘ನನಗೆ ಸಂಬಳ ಬೇಡ’ ಅಂತ ಬರೆದುಕೊಟ್ಟರೂ ನಡೆಯಲ್ಲ. ಕೆಲಸ ಇಲ್ಲ ಅಂತ ಕಂಪನಿ ಕೂರಿಸಿದರೂ ಸಂಬಳ ಕೊಡಲೇಬೇಕು. ಕಾನೂನಿನ ಲೆಕ್ಕದಲ್ಲಿ ನನ್ನ ಕಂಪನಿ ಒಬ್ಬ ಬಡಪಾಯಿ ನೌಕರನಿಗೆ ಸಂಬಳ ಬಾಕಿ ಉಳಿಸಿಕೊಂಡ ಕೆಟ್ಟ ಕಂಪನಿ. ಆ ಬಡಪಾಯಿ ನಾನೇ, ಆ ಕೆಟ್ಟವನೂ ನಾನೇ.

ವಿಸ್ತರಣೆ ಸಿಗಲಿಲ್ಲ. ಈಗ ಹೆಂಡತಿಯ ಎಚ್-1ಬಿ ಮೇಲೆ ಎಚ್-4ನಲ್ಲಿ, ಅಂದರೆ ಅವಲಂಬಿತರ ವೀಸಾದಲ್ಲಿ ಕೂತಿದ್ದೇನೆ. ಆ ಹುಡುಗ ಬೇರೆ ಕಡೆ ಚೆನ್ನಾಗಿದ್ದಾನೆ.

ನಿಯಮ ಬದಲಾಗಿದೆ, ಒಪ್ಪುತ್ತೇನೆ. ಸಂಬಳದ ನಿಯಮ ಬದಲಾಗಿಲ್ಲ.

ಚುಟುಕು

ಮೇಲಿನ ನನ್ನ ತಮಾಷೆ ವಾಪಸ್ ತಗೊಂಡೆ ಸರ್.

ಲೆಕ್ಕದಪುಸ್ತಕ

ಹಳೇಗಾಯ ಅವರು ಬರೆದದ್ದನ್ನು ಎರಡು ಸಲ ಓದಿ. ನಾನು ಸಣ್ಣ ಕಂಪನಿಗಳ ಪೇರೋಲ್ ನೋಡಿಕೊಳ್ಳುವವಳು, ಇಂಥದ್ದು ಸಾಕಷ್ಟು ನೋಡಿದ್ದೇನೆ. ಎಲ್ಲರೂ ವಕೀಲರ ಹತ್ತಿರ ಮೊದಲು ಹೋಗುತ್ತಾರೆ, ಲೆಕ್ಕದವರ ಹತ್ತಿರ ಕೊನೆಗೆ ಬರುತ್ತಾರೆ. ಉಲ್ಟಾ ಆಗಬೇಕು.

ಅರ್ಧಮರ್ಧ ಅವರೇ, ಒಂದು ಲೆಕ್ಕ ಹಾಕೋಣ. ನಿಮ್ಮ ಜಿಲ್ಲೆಯಲ್ಲಿ ನಿಮ್ಮ ಹುದ್ದೆಗೆ ಕೊಡಲೇಬೇಕಾದ ಸಂಬಳ ವರ್ಷಕ್ಕೆ 1,20,000 ಡಾಲರ್ ಅಂತ ಇಟ್ಟುಕೊಳ್ಳಿ. ಬರೀ ಲೆಕ್ಕಕ್ಕೆ. ಅದು ಊರಿಂದ ಊರಿಗೆ, ಹುದ್ದೆಯಿಂದ ಹುದ್ದೆಗೆ, ಒಂದರಿಂದ ನಾಲ್ಕರವರೆಗಿನ ಸಂಬಳದ ಮಟ್ಟಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ತಿಂಗಳಿಗೆ 10,000. ಅದರ ಮೇಲೆ ಕಂಪನಿ ತನ್ನ ಪಾಲಿನ ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ 7.65 ಶೇಕಡಾ, ಅಂದರೆ 765 ಕಟ್ಟಬೇಕು. ನಿಮ್ಮ ಕೈಗೆ ಬರುವ 10,000ದಲ್ಲಿ ನಿಮ್ಮ ಪಾಲಿನ ಇನ್ನೊಂದು 765 ಹೋಗುತ್ತದೆ, ಆಮೇಲೆ ಆದಾಯ ತೆರಿಗೆ. ಕಂಪನಿಗೆ ಇನ್ನೂ ಗ್ರಾಹಕರಿಲ್ಲ, ಹಾಗಾಗಿ ಆ ದುಡ್ಡನ್ನು ನೀವೇ ಉಳಿತಾಯದಿಂದ ಹಾಕಿದ್ದೀರಿ. ತೆರಿಗೆ ಕಟ್ಟಿ ಉಳಿಸಿದ ದುಡ್ಡನ್ನು ಕಂಪನಿಗೆ ಹಾಕಿ, ಅದನ್ನೇ ಸಂಬಳವಾಗಿ ತೆಗೆದುಕೊಂಡು, ಅದಕ್ಕೆ ಮತ್ತೆ ತೆರಿಗೆ. ಬಲಗೈಯಿಂದ ಎಡಗೈಗೆ ಕೊಡುವಾಗಲೂ ನಡುವೆ ಸರ್ಕಾರ ನಿಂತಿರುತ್ತದೆ. ಒಂದೊಂದು ಸಲ ಕೈ ಬದಲಾದಾಗಲೂ ಸ್ವಲ್ಪ ಸ್ವಲ್ಪ ಕರಗುತ್ತದೆ. ಇದನ್ನು ಎಷ್ಟು ತಿಂಗಳು ತಡೆಯುತ್ತೀರಿ ಅನ್ನುವುದೇ ನಿಮ್ಮ ವೀಸಾದ ನಿಜವಾದ ಅವಧಿ. 18 ತಿಂಗಳು ಅಂತ ಕಾಗದದ ಮೇಲೆ ಏನೇ ಇರಲಿ.

ಇನ್ನೊಂದು. ಷೇರು ಕೊಟ್ಟರೆ ಸಂಬಳ ಅಂತ ಲೆಕ್ಕ ಆಗಲ್ಲ. ‘ಈಗ ಕಡಿಮೆ ತಗೊಂಡು ಮುಂದೆ ಷೇರಿನಲ್ಲಿ’ ಅನ್ನುವ ಹೊಸ ಕಂಪನಿಗಳ ಮಾಮೂಲಿ ಮಾತು ಇಲ್ಲಿ ನಡೆಯಲ್ಲ.

ಕಂಪನಿ ಯಾವ ರೂಪದ್ದು? ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿಬಿಟ್ಟಿದ್ದೀರಾ?

ಅರ್ಧಮರ್ಧ

ಇನ್ನೂ ಏನೂ ಮಾಡಿಲ್ಲ ಮೇಡಂ. ಎಲ್‌ಎಲ್‌ಸಿ ಅಂದುಕೊಂಡಿದ್ದೆ, ಅಗ್ಗ ಅಂತ.

ಲೆಕ್ಕದಪುಸ್ತಕ

ಸದ್ಯ ಕೇಳಿದಿರಿ. ಎಲ್‌ಎಲ್‌ಸಿಯನ್ನು ಹಾಗೇ ಬಿಟ್ಟರೆ ತೆರಿಗೆ ಇಲಾಖೆ ಅದನ್ನು ಪಾಲುದಾರಿಕೆ ಅಂತ ನೋಡುತ್ತದೆ, ಒಬ್ಬರದೇ ಆದರೆ ಕಂಪನಿಯೇ ಇಲ್ಲ ಅಂತ ನೋಡುತ್ತದೆ. ಎರಡರಲ್ಲೂ ಪಾಲುದಾರನಿಗೆ ಡಬ್ಲ್ಯೂ-2 ಕೊಡುವಂತಿಲ್ಲ, ಲಾಭದ ಪಾಲು ತೆಗೆದುಕೊಳ್ಳಬೇಕು. ವಲಸೆ ಇಲಾಖೆಗೆ ಬೇಕಾದದ್ದು ಡಬ್ಲ್ಯೂ-2. ಒಂದು ಇಲಾಖೆಗೆ ನೀವು ಮಾಲೀಕ, ಇನ್ನೊಂದಕ್ಕೆ ನೌಕರ. ಎರಡು ದೋಣಿ ಮೇಲೆ ಕಾಲು. ಸಿ-ಕಾರ್ಪೊರೇಷನ್ (ಮಾಲೀಕರಿಂದ ಬೇರೆಯಾಗಿ ತೆರಿಗೆ ಕಟ್ಟುವ ಕಂಪನಿ) ಮಾಡಿ, ಅಥವಾ ಎಲ್‌ಎಲ್‌ಸಿಗೆ ಕಾರ್ಪೊರೇಷನ್ ತರಹ ತೆರಿಗೆ ಬರುವಂತೆ ಆಯ್ಕೆ ಹಾಕಿ. ತಲೆನೋವು ಕಡಿಮೆ.

ಬೆಟ್ಟದತುದಿ

ಇಷ್ಟೆಲ್ಲಾ ಯಾಕೆ ಗುರು? ಆ ಗೆಳೆಯನಿಗೆ ಕಾಗದದ ಮೇಲೆ 51 ಕೊಡಿ, ನೀವು 49 ಇಟ್ಟುಕೊಳ್ಳಿ. ಹಿಡಿತ ಇರುವ ಮಾಲೀಕ ಅನ್ನುವ ಮಾತೇ ಬರಲ್ಲ, ಮೂರು ವರ್ಷ ಸಿಗುತ್ತದೆ. ಒಳಗೊಳಗೆ ಒಪ್ಪಂದ ಮಾಡಿಕೊಂಡರಾಯಿತು.

ಕಡತಪ್ರಿಯ

ನಿಜವಾಗಿ 51 ಕೊಡುವುದಾದರೆ ತಪ್ಪೇನಿಲ್ಲ. ‘ಕಾಗದದ ಮೇಲೆ’ ಅಂದರೆ ಬೇಡ. ಒಳಗೊಳಗಿನ ಒಪ್ಪಂದ ಅಂದರೆ ಸರ್ಕಾರಕ್ಕೆ ಸುಳ್ಳು ಹೇಳಿದ ಹಾಗೆ. ಅದು ಸಿಕ್ಕಿಬಿದ್ದರೆ ಈ ಅರ್ಜಿಗೆ ಮಾತ್ರ ನಿಲ್ಲಲ್ಲ, ಮುಂದೆ ಗ್ರೀನ್ ಕಾರ್ಡ್‌ಗೂ ಅಡ್ಡ ಬರುತ್ತದೆ. ಜೊತೆಗೆ ಕಂಪನಿ ಚೆನ್ನಾಗಿ ನಡೆದು ಯಾರಾದರೂ ಕೊಳ್ಳಲು ಬಂದ ದಿನ, ಒಳಗೊಳಗಿನ ಆ ಒಪ್ಪಂದವನ್ನು ಗೆಳೆಯ ಎಷ್ಟು ನೆನಪಿಟ್ಟುಕೊಳ್ಳುತ್ತಾನೆ ಅನ್ನುವುದು ಬೇರೆ ಪ್ರಶ್ನೆ. 18 ತಿಂಗಳೇ ವಾಸಿ.

ಬೆಟ್ಟದತುದಿ

ಸರಿ ಸರಿ, ಅಷ್ಟು ದೂರ ಯೋಚಿಸಿರಲಿಲ್ಲ.

ನಾಲ್ಕನೇಸಾಲು

ಅರ್ಧಮರ್ಧ ಅವರಿಗೆ ಮದುವೆ ಆಗಿದೆಯಾ? ಐ-140 ಮಂಜೂರಾಗಿದೆ ಅಂದರಲ್ಲ, ಹಾಗಾದರೆ ಹೆಂಡತಿ ಎಚ್-4ನಲ್ಲಿದ್ದರೆ ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡ್ ಸಿಗುತ್ತದೆ. 2015ರಿಂದ ಇದು ಇದೆ. ಆ ಕಾರ್ಡ್ ಇದ್ದರೆ ಯಾವ ಕಂಪನಿಯೂ ಸ್ಪಾನ್ಸರ್ ಮಾಡಬೇಕಾಗಿಲ್ಲ, ತಮ್ಮದೇ ಕಂಪನಿ ತೆರೆದು ಸಂಬಳ ತೆಗೆದುಕೊಳ್ಳದೆ ಕೂಡ ದುಡಿಯಬಹುದು. ನಮ್ಮನೇಲಿ ಹಾಗೇ ಮಾಡಿರುವುದು, ನನ್ನ ಗಂಡನದು ಎಚ್-1ಬಿ, ಕಂಪನಿ ನನ್ನದು. ಒಂದೇ ತೊಂದರೆ ಅಂದರೆ ಕಾರ್ಡ್ ನವೀಕರಣ. 2025ರ ಅಕ್ಟೋಬರ್ 30ರಿಂದ, ಅರ್ಜಿ ಹಾಕಿದರೆ ತಾನಾಗಿ ಮುಂದುವರಿಯುತ್ತಿದ್ದ ಸೌಲಭ್ಯ ತೆಗೆದುಹಾಕಿದ್ದಾರೆ. ಹಳೇ ಕಾರ್ಡಿನ ಅವಧಿ ಮುಗಿದರೆ, ಹೊಸ ಕಾರ್ಡ್ ಕೈಗೆ ಬರುವವರೆಗೆ ಕಂಪನಿಯ ಇಮೇಲ್ ಕೂಡ ಮುಟ್ಟಬಾರದು. ನನಗೆ ಹಾಗೆ ಐದು ವಾರ ಆಯಿತು, ಮನೇಲಿ ಕೂತು ಕಂಪನಿ ಸೊರಗುವುದನ್ನು ನೋಡುತ್ತಿದ್ದೆ.

ಅರ್ಧಮರ್ಧ

ನನ್ನಾಕೆಗೆ ಅವಳದೇ ಎಚ್-1ಬಿ ಇದೆ ಮೇಡಂ, ಆಸ್ಪತ್ರೆಯಲ್ಲಿ ಕೆಲಸ. ಅವಳು ಅದನ್ನು ಬಿಟ್ಟು ನನ್ನ ಸರ್ಕ್ಯೂಟ್ ಬೋರ್ಡ್ ನೋಡುವಳು ಅಂತ ನನಗೇನೂ ಅನ್ನಿಸಲ್ಲ. ಕೇಳಿಯೂ ಇಲ್ಲ, ಕೇಳುವ ಧೈರ್ಯವೂ ಇಲ್ಲ.

ದೂರದಗುಡುಗು

ನಾನು ಅಮೆರಿಕದ ಹೊರಗಿದ್ದೇನೆ. ನನಗೆ ಇಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಇದೆ, ಹದಿನಾಲ್ಕು ಜನ. ಅಮೆರಿಕದಲ್ಲಿ ಒಂದು ಕಂಪನಿ ನೋಂದಾಯಿಸಿ ನನಗೆ ನಾನೇ ಎಚ್-1ಬಿ ಹಾಕಿಕೊಳ್ಳಬಹುದಾ?

ಕಡತಪ್ರಿಯ

ಹಾಕಬಹುದು, ಆದರೆ ನಿಮಗೆ ಎಲ್ಲ ಬಾಗಿಲೂ ಎದುರಾಗುತ್ತವೆ. ಮೊದಲು ಮಾರ್ಚ್‌ನ ಲಾಟರಿ, ವರ್ಷಕ್ಕೆ 65,000, ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೊಂದು 20,000. 2026ರಿಂದ ಸಂಬಳದ ಮಟ್ಟ ಮೇಲಿದ್ದಷ್ಟೂ ಹೆಸರು ಜಾಸ್ತಿ ಸಲ ಸೇರುತ್ತದೆ. ನಾಲ್ಕನೇ ಮಟ್ಟಕ್ಕೆ ನಾಲ್ಕು ಸಲ, ಮೊದಲ ಮಟ್ಟಕ್ಕೆ ಒಂದೇ ಸಲ. ಹೊಸ ಕಂಪನಿ ನಾಲ್ಕನೇ ಮಟ್ಟದ ಸಂಬಳ ಕೊಡಬೇಕು ಅಂದರೆ ಲೆಕ್ಕದಪುಸ್ತಕ ಮೇಡಂ ಬರೆದದ್ದನ್ನು ಇನ್ನೊಮ್ಮೆ ಓದಿ. ಅದೃಷ್ಟ ಬಂದರೂ ಹೊರಗಿರುವವರ ಹೊಸ ಅರ್ಜಿಗೆ ಆ ಒಂದು ಲಕ್ಷ ಡಾಲರ್.

ನಿಮಗೆ ಎಲ್-1ಎ ವೀಸಾ ನೋಡುವುದು ಒಳ್ಳೆಯದು. ಈಗಿನ ಕಂಪನಿಯಲ್ಲಿ ಕಳೆದ ಮೂರು ವರ್ಷದಲ್ಲಿ ಒಂದು ವರ್ಷ ಬಿಡದೆ ಮ್ಯಾನೇಜರ್ ತರಹದ ಕೆಲಸ ಮಾಡಿದ್ದರೆ, ಅಮೆರಿಕದ ಶಾಖೆಗೆ ನಿಮ್ಮನ್ನೇ ಕಳಿಸಿಕೊಳ್ಳಬಹುದು. ಲಾಟರಿ ಇಲ್ಲ. ಹೊಸ ಶಾಖೆ ಆದರೆ ಮೊದಲು ಒಂದೇ ವರ್ಷ ಕೊಡುತ್ತಾರೆ. ಆ ವರ್ಷದ ಕೊನೆಗೆ ನೀವು ನಿಜವಾಗಿ ಮ್ಯಾನೇಜರ್ ಆಗಿದ್ದೀರಾ, ಅಥವಾ ಒಬ್ಬರೇ ಕೂತು ಕೋಡ್ ಬರೆಯುತ್ತಿದ್ದೀರಾ ಅಂತ ನೋಡುತ್ತಾರೆ. ಅಲ್ಲೇ ಜಾಸ್ತಿ ಜನ ಎಡವುವುದು. ಇನ್ನೊಂದು, ಹಿಂದಿನ ಕಂಪನಿ ಅಲ್ಲಿ ನಡೆಯುತ್ತಲೇ ಇರಬೇಕು, ಬೀಗ ಹಾಕಿ ಬರುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಆದರೆ ಹೂಡಿಕೆದಾರರ ಇ-2 ವೀಸಾದ ಕನಸು ಬಿಡಿ, ಅದಕ್ಕೆ ಬೇಕಾದ ಒಪ್ಪಂದ ಭಾರತಕ್ಕೆ ಇಲ್ಲ.

ಕೊನೇಸೆಮಿಸ್ಟರ್

ನಾನು ಮಾಸ್ಟರ್ಸ್ ಮುಗಿಸುತ್ತಿದ್ದೇನೆ. ಓದು ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಸಿಗುವ ಕೆಲಸದ ಅನುಮತಿ ಓಪಿಟಿಯಲ್ಲಿ ನನ್ನದೇ ಕಂಪನಿ ಮಾಡಬಹುದಾ?

ಲೆಕ್ಕದಪುಸ್ತಕ

ಮೊದಲ 12 ತಿಂಗಳ ಓಪಿಟಿಯಲ್ಲಿ ಮಾಡಬಹುದು, ಓದಿದ್ದಕ್ಕೆ ಸಂಬಂಧ ಇರಬೇಕು. ಆಮೇಲಿನ 24 ತಿಂಗಳ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರ) ವಿಸ್ತರಣೆಯಲ್ಲಿ ಐ-983 ತರಬೇತಿ ಕಾಗದಕ್ಕೆ ಕಂಪನಿ ಪರವಾಗಿ ನೀವೇ ಸಹಿ ಹಾಕುವಂತಿಲ್ಲ. ನಿಮಗೆ ನೀವೇ ತರಬೇತಿ ಕೊಡುತ್ತೇನೆ ಅಂದರೆ ಒಪ್ಪಲ್ಲ. ಹಾಗಾಗಿ ಆ 12 ತಿಂಗಳಲ್ಲಿ ಒಬ್ಬ ಒಳ್ಳೆ ಪಾಲುದಾರರನ್ನು ಹುಡುಕಿಕೊಳ್ಳಿ.

ಕಡತಪ್ರಿಯ

ಜೊತೆಗೆ ಲಾಟರಿ ತಪ್ಪಿಸಿಕೊಳ್ಳುವ ಒಂದು ದಾರಿ ಇದೆ. ವಿಶ್ವವಿದ್ಯಾಲಯಗಳಿಗೆ ಎಚ್-1ಬಿ ಮಿತಿ ಅನ್ವಯಿಸುವುದಿಲ್ಲ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಬಾಸ್ಟನ್ ಕ್ಯಾಂಪಸ್ ತರಹದ ಕೆಲವು ಕಡೆ, ಹೊಸ ಕಂಪನಿ ಕಟ್ಟುವವರನ್ನು ವಾರಕ್ಕೆ ಕೆಲವು ಗಂಟೆ ಕೆಲಸಕ್ಕೆ ತೆಗೆದುಕೊಳ್ಳುವ ಯೋಜನೆ ನಡೆಸಿದ್ದಾರೆ. ಆ ಎಚ್-1ಬಿ ಕೈಲಿದ್ದರೆ, ಅದು ಇರುವವರೆಗೆ, ನಿಮ್ಮ ಕಂಪನಿ ಅದರ ಜೊತೆಗೇ ಇನ್ನೊಂದು ಎಚ್-1ಬಿ ಅರ್ಜಿಯನ್ನು ಲಾಟರಿ ಇಲ್ಲದೆ ಹಾಕಬಹುದು.

ಅಯ್ಯೋ, ಇದನ್ನು ಬರೆಯುವಾಗಲೇ ಹೊಳೆಯಿತು. ಅರ್ಧಮರ್ಧ ಅವರೇ, ನೀವು ಕೆಲಸ ಯಾಕೆ ಬಿಡಬೇಕು?

ಅರ್ಧಮರ್ಧ

ಅಂದರೆ?

ಕಡತಪ್ರಿಯ

ಒಬ್ಬರಿಗೆ ಎರಡು ಎಚ್-1ಬಿ ಇರಬಹುದು, ಒಂದರ ಜೊತೆಗೆ ಇನ್ನೊಂದು. ಎಚ್-1ಬಿ ಅರ್ಜಿಯ ಐ-129 ಫಾರಂನಲ್ಲೇ ಅದಕ್ಕೆ ಗುರುತು ಹಾಕುವ ಬೇರೆ ಚೌಕ ಇದೆ. ಈಗಿನ ಕೆಲಸ ಹಾಗೇ ಇರಲಿ. ನಿಮ್ಮ ಕಂಪನಿ ನಿಮಗೆ ಅರೆಕಾಲಿಕ ಎಚ್-1ಬಿ ಹಾಕಲಿ, ವಾರಕ್ಕೆ 15 ಅಥವಾ 20 ಗಂಟೆ. ಗಂಟೆಯ ದರ ನಿಗದಿ ಮಟ್ಟದ್ದೇ ಆಗಿರಬೇಕು, ಆದರೆ ಗಂಟೆ ಕಡಿಮೆ. ಮೇಡಂ ಹೇಳಿದ 10,000 ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಬರುತ್ತದೆ. ಕಂಪನಿ ಬಿದ್ದರೂ ಮೊದಲ ಎಚ್-1ಬಿ ಇದ್ದೇ ಇರುತ್ತದೆ. ಕೆಲಸ ಹೋದರೆ 60 ದಿನದೊಳಗೆ ದಾರಿ ನೋಡಿಕೊಳ್ಳಬೇಕು ಅನ್ನುವ ಭಯ ನಿಮ್ಮ ಕಂಪನಿಯ ಕಡೆಯಿಂದ ಬರಲ್ಲ.

ಹಳೇಗಾಯ

ಇದನ್ನು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಇವತ್ತು ಬೇರೆ ಮಾತು ಬರೆಯುತ್ತಿದ್ದೆ. ಅರೆಕಾಲಿಕ ಆದರೂ ಒಂದು ವಾರವೂ ಸಂಬಳ ತಪ್ಪಿಸಬೇಡಿ ಅಷ್ಟೇ. ಮೊದಲ ದಿನವೇ ಆರು ತಿಂಗಳ ಸಂಬಳ ಕಂಪನಿ ಖಾತೆಗೆ ಹಾಕಿ, ಅದನ್ನು ಮರೆತುಬಿಡಿ.

ಲೆಕ್ಕದಪುಸ್ತಕ

ನಾನೂ ಇದಕ್ಕೆ ಕೈ ಎತ್ತುತ್ತೇನೆ. ಖರ್ಚು ಹೇಳಿಬಿಡುತ್ತೇನೆ, 25 ಜನರೊಳಗಿನ ಕಂಪನಿಗೆ ಐ-129 ಶುಲ್ಕ 460, ತರಬೇತಿ ನಿಧಿಗೆ 750, ವಂಚನೆ ತಡೆ ಶುಲ್ಕ 500, ಆಶ್ರಯ ಕಾರ್ಯಕ್ರಮದ ಶುಲ್ಕ 300. ಒಟ್ಟು 2,010 ಡಾಲರ್. 15 ಕೆಲಸದ ದಿನದೊಳಗೆ ಉತ್ತರ ಬೇಕೆಂದರೆ ಪ್ರೀಮಿಯಂಗೆ ಮತ್ತೆ 2,800ಕ್ಕಿಂತ ಜಾಸ್ತಿ. ವಕೀಲರದ್ದು ಬೇರೆ. ಇವನ್ನೆಲ್ಲ ಕಂಪನಿ ಖಾತೆಯಿಂದ ಕಟ್ಟಬೇಕು, ನಿಮ್ಮ ಸ್ವಂತ ಕಾರ್ಡ್ ತೆಗೆಯಬೇಡಿ. ತರಬೇತಿ ನಿಧಿಯ ದುಡ್ಡನ್ನು ನೌಕರನ ಕೈಲಿ ಕಟ್ಟಿಸುವಂತೆಯೇ ಇಲ್ಲ. ನೀವು ಬಂಡವಾಳ ಹಾಕಿದ ದಿನ, ಅದಕ್ಕೆ ಷೇರು ಬಂದ ದಿನ, ಕಂಪನಿ ಶುಲ್ಕ ಕಟ್ಟಿದ ದಿನ, ಮೂರೂ ಕಾಗದದಲ್ಲಿ ಬೇರೆ ಬೇರೆಯಾಗಿ ಕಾಣಬೇಕು.

ಮೊದಲ ಕೆಲಸ ಇದು: ತೆರಿಗೆ ಸಂಖ್ಯೆ ತೆಗೆದುಕೊಂಡಾಗ ಬರುವ ಸಿಪಿ-575 ಪತ್ರ ಜೋಪಾನ ಮಾಡಿ. ಹೊಸ ಕಂಪನಿಯ ಸಂಖ್ಯೆಯನ್ನು ಕಾರ್ಮಿಕ ಇಲಾಖೆ ಗುರುತಿಸುವುದಿಲ್ಲ, ಎಲ್‌ಸಿಎ ಮೊದಲ ಸಲ ವಾಪಸ್ ಬರುತ್ತದೆ. ಆ ಪತ್ರ ಮೊದಲೇ ಕಳಿಸಿ ಸಂಖ್ಯೆ ಖಚಿತ ಮಾಡಿಸಿಕೊಂಡರೆ ಎಲ್‌ಸಿಎ ಏಳು ಕೆಲಸದ ದಿನದಲ್ಲಿ ಬರುತ್ತದೆ.

ಅರ್ಧಮರ್ಧ

ಕೈ ಮುಗಿದೆ. ಈಗ ಎರಡು ಭಯ. ಒಂದು, ನಮ್ಮ ಕಂಪನಿಯವರು ಒಪ್ಪುತ್ತಾರಾ? ಇನ್ನೊಂದು, ನಾನು ಈಗಾಗಲೇ ವಾರಾಂತ್ಯದಲ್ಲಿ ಸ್ವಲ್ಪ ಕೋಡ್ ಬರೆದಿದ್ದೇನೆ.

ಕಡತಪ್ರಿಯ

ಅಯ್ಯಯ್ಯೋ. ಎರಡನೆಯದು ಮೊದಲು. ಇವತ್ತೇ ನಿಲ್ಲಿಸಿ. ಷೇರು ಇಟ್ಟುಕೊಳ್ಳಬಹುದು, ಕಂಪನಿ ನೋಂದಾಯಿಸಬಹುದು, ಆದರೆ ಆ ಕಂಪನಿಗಾಗಿ ಕೆಲಸ ಮಾಡಲು ಅನುಮತಿ ಇಲ್ಲ. ದುಡ್ಡು ತೆಗೆದುಕೊಂಡಿಲ್ಲ ಅನ್ನುವುದು ಬಲವಾದ ಉತ್ತರ ಅಲ್ಲ. ಗಿಟ್‌ನಲ್ಲಿ ಬರೆದ ಕೋಡಿನ ತಾರೀಖು ಕೂತಿರುತ್ತದೆ. ಬರೆದದ್ದರ ಬಗ್ಗೆ ವಕೀಲರಿಗೆ ಮುಚ್ಚಿಡದೆ ಹೇಳಿ.

ಮೊದಲನೆಯದಕ್ಕೆ ನೇಮಕಾತಿ ಪತ್ರ ತೆಗೆದು ಓದಿ. ಹೊರಗಿನ ಕೆಲಸ ಮಾಡಬಾರದು ಅಂತ ಇದ್ದರೆ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ನೀವು ಮಾಡಿದ್ದೆಲ್ಲ ಕಂಪನಿಯದ್ದು ಅನ್ನುವ ಸಾಲೂ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಾರ್ಮಿಕ ಕಾನೂನಿನ 2870ನೇ ಕಲಂ ಪ್ರಕಾರ, ನಿಮ್ಮ ಸ್ವಂತ ಸಮಯದಲ್ಲಿ, ಕಂಪನಿಯ ಲ್ಯಾಪ್‌ಟಾಪ್ ಮುಟ್ಟದೆ, ಕಂಪನಿಯ ವ್ಯವಹಾರಕ್ಕೆ ಸಂಬಂಧ ಇಲ್ಲದ್ದು ಮಾಡಿದರೆ ಅದು ನಿಮ್ಮದೇ. ನಿಮ್ಮ ಕಂಪನಿಯೂ ಸರ್ಕ್ಯೂಟ್ ಬೋರ್ಡ್ ಮಾಡುವುದಾದರೆ ಅದು ಕಷ್ಟ.

ಅರ್ಧಮರ್ಧ

ಅವರು ಮಾಡುವುದು ವಿದ್ಯುತ್ ಮೀಟರ್. ಬೋರ್ಡ್ ಇರುತ್ತದೆ, ಆದರೆ ಸಾಫ್ಟ್‌ವೇರ್ ಮಾರುವುದಿಲ್ಲ. ಕೇಳಿ ನೋಡುತ್ತೇನೆ. ಮತ್ತೆ ಗ್ರೀನ್ ಕಾರ್ಡ್?

ಕಡತಪ್ರಿಯ

ನಿಮ್ಮದೇ ಕಂಪನಿಯಿಂದ ಪರ್ಮ್, ಅಂದರೆ ಗ್ರೀನ್ ಕಾರ್ಡ್‌ಗೆ ಕಾರ್ಮಿಕ ಇಲಾಖೆಯ ಒಪ್ಪಿಗೆ ಕೇಳುವ ಅರ್ಜಿ ಹಾಕುವುದು ಬಹಳ ಕಷ್ಟ. ಅದರಲ್ಲಿ ‘ಈ ಹುದ್ದೆ ನಿಜವಾಗಿ ಯಾವ ಅಮೆರಿಕನ್ನರಿಗಾದರೂ ತೆರೆದಿತ್ತು’ ಅಂತ ತೋರಿಸಬೇಕು. ಫಾರಂನಲ್ಲೇ ‘ಅಭ್ಯರ್ಥಿಗೆ ಕಂಪನಿಯಲ್ಲಿ ಪಾಲು ಇದೆಯಾ’ ಅಂತ ಕೇಳುತ್ತಾರೆ. 70 ಪಾಲಿನ ಮಾಲೀಕ ತನ್ನ ಕುರ್ಚಿಗೆ ಬೇರೆಯವರನ್ನು ಕೂರಿಸಲು ಜಾಹೀರಾತು ಕೊಟ್ಟ ಅಂದರೆ ಯಾರು ನಂಬುತ್ತಾರೆ? ಎಚ್-1ಬಿಗೆ ಸಿಕ್ಕ ಸಡಿಲಿಕೆ ಅಲ್ಲಿ ಇಲ್ಲ. ಅದಕ್ಕೇ ಈಗಿನ ಕಂಪನಿಯ ಕೆಲಸ ಉಳಿಸಿಕೊಳ್ಳಿ ಅನ್ನುವುದು. ಬಿಡಬೇಕಾಗಿ ಬಂದರೂ, ಐ-140 ಮಂಜೂರಾಗಿ 180 ದಿನ ದಾಟಿರುವುದರಿಂದ ಅವರು ವಾಪಸ್ ತೆಗೆದುಕೊಂಡರೂ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಮ್ಮ ದಿನಾಂಕ ನಿಮ್ಮದೇ. ಸಾಫ್ಟ್‌ವೇರ್ ಹೆಸರು ಮಾಡಿದರೆ ಆಮೇಲೆ ನೀವೇ ಸ್ವಂತವಾಗಿ ಇಬಿ-1ಎ (ಅಸಾಧಾರಣ ಪ್ರತಿಭೆಯವರಿಗೆ) ಅಥವಾ ಎನ್‌ಐಡಬ್ಲ್ಯೂ (ದೇಶದ ಹಿತದ ಕೆಲಸಕ್ಕೆ) ಅನ್ನುವ ಗ್ರೀನ್ ಕಾರ್ಡ್ ಅರ್ಜಿ ಹಾಕಬಹುದು, ಹಳೇ ದಿನಾಂಕ ಅದಕ್ಕೂ ಬರುತ್ತದೆ.

ಬೆಟ್ಟದತುದಿ

ಅಸಾಧಾರಣ ಪ್ರತಿಭೆಯವರ ಓ-1 ವೀಸಾ ಯಾರೂ ಹೇಳಲಿಲ್ಲವಲ್ಲ?

ಕಡತಪ್ರಿಯ

ಹೇಳಬೇಕಿತ್ತು. ಅದರಲ್ಲೂ ಸ್ವಂತ ಕಂಪನಿ ಅರ್ಜಿ ಹಾಕಬಹುದು. ಲಾಟರಿ ಇಲ್ಲ, ಆರು ವರ್ಷದ ಗಡುವೂ ಇಲ್ಲ. ಆದರೆ ಪ್ರಶಸ್ತಿ, ಪತ್ರಿಕೆಗಳಲ್ಲಿ ಸುದ್ದಿ, ದೊಡ್ಡ ಸಂಬಳ, ಬೇರೆಯವರ ಕೆಲಸಕ್ಕೆ ತೀರ್ಪು ಕೊಟ್ಟದ್ದು ಹೀಗೆ ಎಂಟರಲ್ಲಿ ಮೂರಾದರೂ ಇರಬೇಕು. ಕಂಪನಿ ಕಟ್ಟುವ ಮೊದಲೇ ಅಷ್ಟು ಹೆಸರು ಇರುವವರು ಕಡಿಮೆ.

ಅರ್ಧಮರ್ಧ

ಏಳು ತಿಂಗಳ ನಂತರ ಬಂದಿದ್ದೇನೆ, ಕ್ಷಮಿಸಿ. ಕೇಳಿದವರಿಗೆಲ್ಲ ಒಟ್ಟಿಗೆ ಹೇಳುತ್ತೇನೆ.

ನಮ್ಮ ಮ್ಯಾನೇಜರ್ ಒಪ್ಪಲು ಒಂದು ವಾರ ತೆಗೆದುಕೊಂಡರು, ಕಾನೂನು ವಿಭಾಗದವರು ಎರಡು ತಿಂಗಳು. ಕೊನೆಗೆ ಎರಡು ಪುಟದ ಪತ್ರ ಬಂತು. ಕೋಡ್ ಬರೆದದ್ದನ್ನು ವಕೀಲರಿಗೆ ಹೇಳಿದೆ, ಅದನ್ನು ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿ ಅಂದರು. ನಾಲ್ಕು ವಾರಾಂತ್ಯದ ಕೆಲಸ ಹೋಯಿತು, ಹೋಗಲಿ. ಸಿ-ಕಾರ್ಪೊರೇಷನ್ ಮಾಡಿದೆವು. 70-30 ಹಾಗೇ ಇದೆ. ಅರ್ಜಿಗೆ ಕಂಪನಿ ಪರವಾಗಿ ಗೆಳೆಯ ಸಹಿ ಹಾಕಿದ. ವಾರಕ್ಕೆ 15 ಗಂಟೆ, ಗಂಟೆ ದರ ಎಲ್‌ಸಿಎಯಲ್ಲಿ ಇದ್ದದ್ದೇ. ಹಳೇಗಾಯ ಸರ್ ಹೇಳಿದ ಹಾಗೆ ಆರು ತಿಂಗಳಿನದು ಮೊದಲೇ ಹಾಕಿಟ್ಟೆವು.

ಒಂದು ಸಲ ಹೆಚ್ಚಿನ ಮಾಹಿತಿ ಕೇಳಿದರು. ಹುದ್ದೆ ನಿಜವಾಗಿ ಇದೆಯಾ, 15 ಗಂಟೆಯಲ್ಲಿ ಏನು ಮಾಡುತ್ತೀರಿ ಅಂತ. ಗಂಟೆ ಗಂಟೆಯ ಪಟ್ಟಿ ಕೊಟ್ಟೆವು, ಇಬ್ಬರು ಗ್ರಾಹಕರು ಪರೀಕ್ಷೆಗೆ ಬೇಕು ಅಂತ ಬರೆದ ಪತ್ರ ಕೊಟ್ಟೆವು. ಹದಿನೆಂಟು ತಿಂಗಳಿಗೆ ಮಂಜೂರಾಯಿತು. ಅವತ್ತು ರಾತ್ರಿ ಹೆಂಡತಿ ‘ಹಾಗಾದರೆ ನಿನಗೆ ಈಗ ಇಬ್ಬರು ಬಾಸ್, ನನ್ನನ್ನು ಬಿಟ್ಟು’ ಅಂದಳು.

ಹಳೇಗಾಯ

ಖುಷಿಯಾಯಿತು. ಸಂಬಳ?

ಅರ್ಧಮರ್ಧ

ಇಲ್ಲಿವರೆಗೆ ಒಂದೂ ತಪ್ಪಿಲ್ಲ ಸರ್. ಪೇರೋಲ್ ತಾನಾಗಿ ಹೋಗುವ ಹಾಗೆ ಮಾಡಿದ್ದೇನೆ, ನನ್ನ ಕೈಗೆ ನಿಲ್ಲಿಸುವ ಗುಂಡಿಯೇ ಇಲ್ಲ. ಅದು ಗೆಳೆಯನ ಹತ್ತಿರ ಇದೆ.

ಚುಟುಕು

ಒಂದು ಸಂಶಯ. ಎಲ್‌ಸಿಎ ಹಾಕಿದಾಗ ಕೆಲಸದ ಜಾಗದಲ್ಲಿ ಎರಡು ಕಡೆ ಹತ್ತು ದಿನ ನೋಟಿಸ್ ಅಂಟಿಸಬೇಕಲ್ವಾ, ಬೇರೆ ನೌಕರರಿಗೆ ಕಾಣುವ ಹಾಗೆ. ನಿಮ್ಮ ಆಫೀಸು ಮನೆಯೇ ತಾನೇ? ಎಲ್ಲಿ ಅಂಟಿಸಿದ್ರಿ?

ಅರ್ಧಮರ್ಧ

ಒಂದು ಫ್ರಿಜ್ ಬಾಗಿಲ ಮೇಲೆ, ಇನ್ನೊಂದು ಓದುವ ಕೋಣೆಯ ಗೋಡೆಗೆ. ಹತ್ತು ದಿನ ದಿನಾ ಬೆಳಗ್ಗೆ ಹಾಲು ತೆಗೆಯುವಾಗ ನನ್ನ ಸಂಬಳ ಎಷ್ಟು ಅಂತ ಓದಿಕೊಂಡೆ. ಅಂಟಿಸಿದ ದಿನ, ತೆಗೆದ ದಿನ ಎರಡನ್ನೂ ಬರೆದು ಕಡತದಲ್ಲಿ ಇಟ್ಟಿದ್ದೇನೆ, ಫೋಟೊ ಸಮೇತ. ಫೋಟೊದಲ್ಲಿ ಪಕ್ಕದಲ್ಲೇ ಹೆಂಡತಿಯ ತರಕಾರಿ ಚೀಟಿಯೂ ಬಂದುಬಿಟ್ಟಿದೆ.